ಚಿನ್ನುವಿನ ಎತ್ತರ ಅಳೆದು ಬರಿ

ಇರ್ವೈನ್, ಕ್ಯಾಲಿಫೋರ್ನಿಯ
ಮಾರ್ಚ್ 8

ಪ್ರೀತಿಯ ಅಕ್ಕ,

ಅಮ್ಮನಿಗೂ ಭಾವನಿಗೂ ನಮಸ್ಕಾರ, ಚಿನ್ನುವಿಗೆ ಮುದ್ದು. ಮೇ ತಿಂಗಳಿಗೆ ಟಿಕೆಟ್ ಆಯಿತೆಂದು ಭಾವ ಹೇಳಿದರು. ಡಿಸ್ನಿಲ್ಯಾಂಡಿಗೆ ಹೋದರೆ ಚಿನ್ನು ತಡೆದುಕೊಳ್ಳುತ್ತಾನಾ ಎಂದು ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ ಅಂತ ಬರೆಯುತ್ತಿದ್ದೇನೆ. ಕಾಗದ ಎತ್ತಿಟ್ಟುಕೋ.

ಚಿನ್ನುವಿನ ಹಾಗೆ ಆಟಿಸಂ ಇರುವ ಎಷ್ಟೋ ಮಕ್ಕಳು ರೈಡಿನ ಮೇಲೆ ಕೂತಾಗ ಖುಷಿಯಾಗೇ ಇರುತ್ತಾರೆ. ಸೀಟು ಮೈಯನ್ನು ಗಟ್ಟಿಯಾಗಿ ಹಿಡಿದಿಡುತ್ತೆ, ಪ್ರತಿ ಸಲವೂ ಅದೇ ತಿರುವು, ಅದೇ ಇಳಿಜಾರು. ಎಡವಟ್ಟಾಗುವುದೆಲ್ಲ ಅದಕ್ಕೆ ಮುಂಚಿನ ನಲವತ್ತು ನಿಮಿಷದಲ್ಲಿ. ಸಾಲು ಹಾವಿನ ಹಾಗೆ ಸುತ್ತಿಕೊಂಡಿರುತ್ತೆ, ಕೊನೆ ಕಾಣುವುದಿಲ್ಲ, ಹಿಂದಿನವರ ಬ್ಯಾಗು ತಾಗುತ್ತಿರುತ್ತೆ, ಎಲ್ಲಿಂದಲೋ ಒಂದು ಕಿರುಚಾಟ.

ಇದಕ್ಕೆಂದೇ ಅಲ್ಲಿ ಡಿಎಎಸ್ ಅಂತ ಒಂದು ಸೌಲಭ್ಯ ಇದೆ, ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್. ಇದನ್ನು ದೇವಸ್ಥಾನದ ವಿಶೇಷ ದರ್ಶನ ಅಂದುಕೊಳ್ಳಬೇಡ. ತಿರುಪತಿಯಲ್ಲಿ ಟೋಕನ್ ಕೊಟ್ಟು ಇಂಥ ಹೊತ್ತಿಗೆ ಬನ್ನಿ ಅನ್ನುತ್ತಾರಲ್ಲ, ಹಾಗೆ. ಆ ಹೊತ್ತಿನಲ್ಲಿ ಸಾಲು ಎಷ್ಟು ಉದ್ದ ಇದೆಯೋ ಹೆಚ್ಚುಕಡಿಮೆ ಅಷ್ಟೇ ಕಾಯಬೇಕು, ಆದರೆ ಸಾಲಿನ ಹೊರಗೆ, ಎಲ್ಲಿ ಬೇಕಾದರೂ ಕೂತು. ಆ್ಯಪಿನಲ್ಲಿ ಒಂದು ರೈಡಿಗೆ ಸಮಯ ತೆಗೆದುಕೊಂಡರೆ ಅದು ಮುಗಿಯುವವರೆಗೆ ಇನ್ನೊಂದಕ್ಕೆ ಸಿಗುವುದಿಲ್ಲ. ಸಾಮಾನ್ಯವಾಗಿ ಮಗು ಸೇರಿ ನಾಲ್ಕು ಜನಕ್ಕೆ ನಡೆಯುತ್ತೆ, ನಾವೂ ಅಷ್ಟೇ ಇದ್ದೇವೆ. ಹೊತ್ತಿಗೆ ಸರಿಯಾಗಿ ಹೋದರೂ ಒಳಗಿನ ಚಿಕ್ಕ ಸಾಲಿನಲ್ಲಿ ಹತ್ತು ನಿಮಿಷ ನಿಲ್ಲಬೇಕಾಗಬಹುದು. ಅದನ್ನು ಚಿನ್ನುವಿಗೆ ಮುಂಚೆಯೇ ಹೇಳಿರಬೇಕು, ಇಲ್ಲದಿದ್ದರೆ ಮಾತು ತಪ್ಪಿದ ಹಾಗಾಗುತ್ತೆ.

2024ರ ಜೂನ್ 18ರಿಂದ ಇದರ ನಿಯಮ ಬಿಗಿಯಾಗಿದೆ. ವಿಡಿಯೊ ಕರೆಯಲ್ಲಿ ಮಾತಾಡಬೇಕು, ಚಿನ್ನು ಪಕ್ಕದಲ್ಲೇ ಇರಬೇಕು. ಡಾಕ್ಟರ ಸರ್ಟಿಫಿಕೇಟ್ ಸಾಮಾನ್ಯವಾಗಿ ಕೇಳುವುದಿಲ್ಲ, ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಕೊಟ್ಟ ರಿಪೋರ್ಟ್ ಹುಡುಕುತ್ತಾ ಕೂರಬೇಡ. ‘ಮಗನಿಗೆ ಆಟಿಸಂ ಇದೆ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಸಾಲಿನಲ್ಲಿ ಏನಾಗುತ್ತೆ ಅನ್ನುವುದನ್ನು ಹೇಳು: ಎಷ್ಟು ನಿಮಿಷಕ್ಕೆ ಶುರುವಾಗುತ್ತೆ, ಕಿವಿ ಮುಚ್ಚುತ್ತಾನಾ, ನೆಲಕ್ಕೆ ಕೂರುತ್ತಾನಾ, ಓಡುತ್ತಾನಾ, ಸಮಾಧಾನ ಆಗಲು ಎಷ್ಟು ಹೊತ್ತು ಬೇಕು. ಈಗಲೇ ನಾಲ್ಕು ಸಾಲು ಬರೆದಿಟ್ಟುಕೋ, ಕರೆ ಇಲ್ಲಿಗೆ ಬಂದ ಮೇಲೆ ಮಾಡೋಣ. ಎಲ್ಲರಿಗೂ ಒಪ್ಪಿಗೆ ಸಿಗುತ್ತೆ ಅನ್ನುವ ಹಾಗಿಲ್ಲ, ಸಿಗದಿದ್ದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಮೊದಲ ಎರಡು ಗಂಟೆಯಲ್ಲಿ ಮುಗಿಸಿಕೊಳ್ಳೋಣ.

ಊರಿನಿಂದ ಹೊರಡುವ ಮುಂಚೆ ಒಂದು ಕೆಲಸ. ವಾರದ ದಿನ ನೋಡಿಕೊಂಡು ಬಿಡದಿಯ ವಂಡರ್‌ಲಾಗೆ ಹೋಗಿ ಬನ್ನಿ, ಒಣ ರೈಡುಗಳು ಸಾಕು. ಸುತ್ತುವುದು, ತೂಗುವುದು, ಬೀಳುವುದು ಮೂರೂ ಬೇರೆ ಬೇರೆ. ಒಂದನ್ನು ಬೇಡಿ ಬೇಡಿ ಕೂರುವ ಮಗು ಇನ್ನೊಂದಕ್ಕೆ ಬೆಚ್ಚುತ್ತೆ. ಯಾವುದಕ್ಕೆ ನಕ್ಕ, ಯಾವುದಕ್ಕೆ ಮೈ ಬಿಗಿಹಿಡಿದ ಅಂತ ಗುರುತು ಹಾಕಿಕೋ. ಸುತ್ತುವ ರೈಡಿನಲ್ಲಿ ಮಾತ್ರ ಜೋಪಾನ: ಕೆಲವು ಮಕ್ಕಳಿಗೆ ತಲೆ ಸುತ್ತಿದ್ದು ತಕ್ಷಣ ತಿಳಿಯುವುದೇ ಇಲ್ಲ, ಮತ್ತೆ ಮತ್ತೆ ಕೂರುತ್ತವೆ, ಅರ್ಧ ಗಂಟೆ ಬಿಟ್ಟು ವಾಂತಿ. ಎರಡು ಸಲ ಆದ ಮೇಲೆ ಸ್ವಲ್ಪ ನಡೆಸಿ, ನೀರು ಕುಡಿಸಿ, ಆಮೇಲೆ ಮೂರನೆಯದು.

ರೈಡಿನಲ್ಲಿ ತೊಡೆಯ ಮೇಲೆ ಬರುವ ಸುರಕ್ಷೆಯ ಸರಳು ಮನೆಯಲ್ಲೇ ಅಭ್ಯಾಸವಾಗಲಿ. ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ಲಟ್ಟಣಿಗೆ ಅಡ್ಡ ಇಟ್ಟು ‘ಟಕ್’ ಅನ್ನು, ನಿಧಾನವಾಗಿ ಒತ್ತು, ಇಪ್ಪತ್ತು ಎಣಿಸು, ಮತ್ತೆ ‘ಟಕ್’ ಅಂದು ತೆಗೆ. ತಾನೇ ತೆಗೆಯಲು ಹೋದರೆ ಎಣಿಕೆ ಮುಗಿಯುವವರೆಗೆ ಬಿಡಬೇಡ. ಕಿವಿ ಮುಚ್ಚುವ ಮಫ್ ದಿನಕ್ಕೆ ಹತ್ತು ನಿಮಿಷದಿಂದ ಶುರುಮಾಡಿ ಗಂಟೆಯವರೆಗೆ ತಾ. ವೇಗದ ರೈಡಿನಲ್ಲಿ ಅದು ಜಾರಿ ಬೀಳಬಹುದು, ತೆಗೆಸಲೂಬಹುದು, ಸ್ಪಂಜಿನ ಇಯರ್‌ಪ್ಲಗ್ಗೂ ರೂಢಿಯಾಗಲಿ. ಯೂಟ್ಯೂಬಿನಲ್ಲಿ ಪ್ರತಿ ರೈಡಿನದೂ ಮುಂದಿನ ಸೀಟಿನಿಂದ ತೆಗೆದ ವಿಡಿಯೊ ಸಿಗುತ್ತೆ, ತೋರಿಸು. ಅಲ್ಲಿನ ಸದ್ದು ವಿಡಿಯೊದಲ್ಲಿ ಕೇಳಿದ್ದಕ್ಕಿಂತ ಬಹಳ ಜೋರು.

ಮುಂದೇನು ಅಂತ ಚಿನ್ನುವಿಗೆ ತೋರಿಸುವ ಚಿತ್ರದ ಕಾರ್ಡುಗಳನ್ನು ಹೇಗೂ ತರುತ್ತೀಯ. ಅದರಲ್ಲಿ ಬರೀ ಪ್ರಶ್ನೆಚಿಹ್ನೆ ಇರುವ ಕಾರ್ಡು ಎರಡಿರಲಿ. ರೈಡು ನಡುವೆ ಕೆಟ್ಟು ನಿಲ್ಲುವುದು ಅಲ್ಲಿ ದಿನಾ ಇದ್ದದ್ದೇ. ಆಗ ಆ ಚಿತ್ರ ತೆಗೆದು ಪ್ರಶ್ನೆಚಿಹ್ನೆ ಅಂಟಿಸಿದರೆ ‘ಬೇರೆ ಏನೋ ಬರುತ್ತೆ’ ಅಂತ ಅವನಿಗೆ ಗೊತ್ತಾಗಬೇಕು. ಮನೆಯಲ್ಲೇ ವಾರಕ್ಕೆರಡು ಸಲ ಬೇಕೆಂದೇ ಬದಲಾಯಿಸಿ ಕಲಿಸು.

ಮೊದಲ ದಿನಕ್ಕೆ ನನ್ನ ಲೆಕ್ಕ ಹೀಗಿದೆ. ಒಳಗೆ ಹೋದ ಕೂಡಲೇ ಮೇನ್ ಸ್ಟ್ರೀಟ್ ಸ್ಟೇಷನ್, ಉಗಿಬಂಡಿ. ರೈಲು ಅಂದರೆ ಚಿನ್ನುವಿಗೆ ಜೀವ, ಇಡೀ ಪಾರ್ಕನ್ನು ಕೂತಲ್ಲಿಂದಲೇ ನೋಡಿದ ಹಾಗೂ ಆಗುತ್ತೆ. ಆದರೆ ಟುಮಾರೋಲ್ಯಾಂಡ್ ದಾಟಿ ಮೇನ್ ಸ್ಟ್ರೀಟಿಗೆ ಬರುವ ಭಾಗದಲ್ಲಿ ಕತ್ತಲ ಸುರಂಗ, ಒಳಗೆ ಡೈನೊಸಾರ್‌ಗಳು. ಟೂನ್‌ಟೌನಿನಲ್ಲೇ ಇಳಿದುಬಿಡೋಣ. ಅಲ್ಲಿನ ಗ್ಯಾಜೆಟ್ ಕೋಸ್ಟರಿಗೆ 89 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು, ಒಂದು ನಿಮಿಷವೂ ಆಗುವುದಿಲ್ಲ. ಮೊದಲ ಕೋಸ್ಟರ್ ಅದೇ ಆಗಲಿ. ಡಂಬೋ ಆನೆಯಲ್ಲಿ ಮೇಲೆ ಕೆಳಗೆ ಹೋಗುವ ಹಿಡಿ ನಮ್ಮ ಕೈಯಲ್ಲೇ ಇರುತ್ತೆ, ಅದನ್ನು ಅವನಿಗೇ ಕೊಡು.

ಹತ್ತಿರದಲ್ಲೇ ಇರುವ ‘ಸ್ಮಾಲ್ ವರ್ಲ್ಡ್’ ದೋಣಿ ಸವಾರಿ ಸುಮಾರು ಕಾಲು ಗಂಟೆ. ಬೆಲ್ಟು, ಸರಳು ಏನೂ ಇಲ್ಲ, ಅವನನ್ನು ನಿಮ್ಮಿಬ್ಬರ ನಡುವೆ ಕೂರಿಸಬೇಕು. ಒಂದೇ ಹಾಡು ಕೊನೆವರೆಗೂ ಸುತ್ತುತ್ತಿರುತ್ತೆ. ತೊಂದರೆ ಬರುವುದು ಕೊನೆಯಲ್ಲಿ: ಇಳಿಯುವ ಕಟ್ಟೆ ಕಣ್ಣೆದುರೇ ಇರುತ್ತೆ, ಮುಂದಿನ ದೋಣಿಗಳು ಖಾಲಿಯಾಗುವವರೆಗೆ ನಮ್ಮದು ನಿಂತುಬಿಡುತ್ತೆ, ಹಿಂದಿನದು ಬಂದು ‘ಧಡ್’ ಅಂತ ಗುದ್ದುತ್ತೆ. ಮಗು ಎದ್ದು ನಿಲ್ಲುವುದು ಆಗಲೇ. ‘ದೋಣಿ ನಿಲ್ಲುತ್ತೆ, ಗುದ್ದುತ್ತೆ, ಆಮೇಲೆ ಇಳಿಯುತ್ತೇವೆ’ ಅಂತ ಹತ್ತುವ ಮುಂಚೆಯೇ ಮೂರು ಸಲ ಹೇಳಬೇಕು.

ಮ್ಯಾಟರ್‌ಹಾರ್ನ್ ಅನ್ನುವ ಕೋಸ್ಟರ್ ಈ ಸಲ ಬೇಡ. 107 ಸೆಂಟಿಮೀಟರಿನ ಗಡಿ ಅವನು ದಾಟಿರಬಹುದು, ಆದರೆ ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಕೂರಬೇಕು, ಪಕ್ಕದಲ್ಲಿ ನೀನಿರುವುದಿಲ್ಲ, ಕತ್ತಲಲ್ಲಿ ಹಿಮಮಾನವ ಬೇರೆ ಗರ್ಜಿಸುತ್ತಾನೆ. ಭಾವನಿಗೆ ಇಂಡಿಯಾನಾ ಜೋನ್ಸ್ ರೈಡಿನ ಆಸೆಯಂತೆ, ಹೋಗಲಿ. ರೈಡರ್ ಸ್ವಿಚ್ ಕೇಳಿದರೆ ಒಬ್ಬರು ಮಗುವಿನ ಜೊತೆ ಹೊರಗಿರಬಹುದು, ಮೊದಲಿನವರು ಬಂದ ಮೇಲೆ ಮತ್ತೆ ಉದ್ದದ ಸಾಲು ಹಿಡಿಯದೆ ಎರಡನೆಯವರು ಹೋಗಬಹುದು.

ಟಾಯ್ಲೆಟ್ ವಿಷಯ ಯಾರೂ ಹೇಳುವುದಿಲ್ಲ, ಎಷ್ಟೋ ಮಕ್ಕಳ ದಿನ ಕೆಡುವುದು ಅಲ್ಲೇ. ಕಮೋಡಿನ ಹಿಂದೆ ಸಣ್ಣ ಕಪ್ಪು ಕಣ್ಣಿನಂಥ ಸೆನ್ಸರ್ ಇರುತ್ತೆ. ಮಗು ಚಿಕ್ಕದು, ಸ್ವಲ್ಪ ಮುಂದೆ ಬಗ್ಗಿದರೂ ಎದ್ದುಹೋಯಿತು ಅಂದುಕೊಂಡು, ಕೂತಿರುವಾಗಲೇ ಭರ್ರೋ ಅಂತ ನೀರು ಬಿಡುತ್ತೆ. ಪರ್ಸಿನಲ್ಲಿ ಅಂಟುವ ಹಳದಿ ಚೀಟಿ ಇಟ್ಟುಕೋ, ಒಳಗೆ ಹೋದ ತಕ್ಷಣ ಆ ಕಣ್ಣಿಗೆ ಅಂಟಿಸು, ಹೊರಗೆ ಬರುವಾಗ ಕಿತ್ತುಕೋ. ಕೈ ಒಣಗಿಸುವ ಯಂತ್ರ ಅದಕ್ಕಿಂತ ಜೋರು, ಕರವಸ್ತ್ರ ಇರಲಿ.

ಊಟ ಮನೆಯಿಂದಲೇ. ಗಾಜಿನ ಪಾತ್ರೆ ಮಾತ್ರ ಬಿಡುವುದಿಲ್ಲ, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ನಾನು ಕಟ್ಟುತ್ತೇನೆ. ಕೋಡುಬಳೆ ನೀನು ತಾ, ಅವನಿಗೂ ನನಗೂ. ಅವನ ಕೈಗೆ ನನ್ನ ಮತ್ತು ಭಾವನ ಇಲ್ಲಿನ ನಂಬರ್ ಬರೆದ ಪಟ್ಟಿ ಕಟ್ಟೋಣ.

ಚಿನ್ನುವಿನ ತಾಳ್ಮೆಯ ಕಟ್ಟೆ ಒಡೆದರೆ ಯಾರಾದರೂ ಒಬ್ಬರೇ ಅವನ ಹತ್ತಿರ ಕೂರುವುದು, ಮಾತು ಬೇಡ. ಉಳಿದವರು ಜನಕ್ಕೆ ಅಡ್ಡವಾಗಿ ಬೆನ್ನು ತಿರುಗಿಸಿ ನಿಲ್ಲುವುದು. ಒಂದೇ ರೈಡಿಗೆ ಆರು ಸಲ ಹೋಗುತ್ತೇನೆ ಅಂದರೆ ಆರು ಸಲವೂ ಹೋಗಲಿ, ಟಿಕೆಟಿನ ದುಡ್ಡು ಲೆಕ್ಕ ಹಾಕಬೇಡಿ ಅಂತ ಭಾವನಿಗೆ ಈಗಲೇ ಹೇಳಿಡು. ಮೂರು ನಾಲ್ಕು ಗಂಟೆ ಸಾಕು, ಪಟಾಕಿ ಹಚ್ಚುವ ರಾತ್ರಿಯವರೆಗೆ ಇರುವುದು ಬೇಡ. ಮೇನಲ್ಲಿ ಇಲ್ಲಿಗೂ ಅಲ್ಲಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಅವನ ನಿದ್ದೆ ಹೊಂದಿಕೊಳ್ಳಲು ಐದು ದಿನ ಬಿಟ್ಟು ಟಿಕೆಟ್ ತೆಗೆದುಕೊಳ್ಳುತ್ತೇನೆ.

ಅಷ್ಟರಲ್ಲಿ ಚಿನ್ನುವನ್ನು ಶೂ ಹಾಕಿ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ಸೆಂಟಿಮೀಟರಿನಲ್ಲಿ ಬರೆದು ಕಳಿಸು.

ನಿನ್ನ ತಂಗಿ