ಡಿಟಿಪಿ ಅಕ್ಕನಿಗೆ, ಮತ್ತೆ ಉಳಿದವರಿಗೆ

ಆಗಸ್ಟ್ 9ರ ಆದಿವಾಸಿ ದಿನದ ಕಾರ್ಯಕ್ರಮ ಅಂತೂ ಮುಗಿಯಿತು. ಕಾಸರಗೋಡಿನ ಬದಿಯಡ್ಕದ ಹಾಲ್‌ನಲ್ಲಿ ಪ್ರದರ್ಶನವೂ ಆಯಿತು, ಜಾಗಕ್ಕಾಗಿ ಹೋರಾಡಿದ ಆದಿವಾಸಿಗಳ ಬಗೆಗಿನ ಪುಸ್ತಿಕೆಯೂ ಹೊರಬಂತು. ಹಾಲಿಗೆ ಬಾಡಿಗೆ ಬೇಡ ಅಂದವರು, ಬ್ಯಾನರ್ ಕಟ್ಟಿದ ಹುಡುಗರು, ಚಾ-ಅವಲಕ್ಕಿ ನೋಡಿಕೊಂಡವರು, ಆಟಿಯ ಆ ಮಳೆಯಲ್ಲೂ ಕುಂಬಳೆ, ಪೆರ್ಲ, ಮುಳ್ಳೇರಿಯದಿಂದ ಬಂದವರು, ಎಲ್ಲರಿಗೂ ಕೈಮುಗಿಯುತ್ತೇನೆ. ನಿಮಗೆ ಒಂದೇ ವಾಕ್ಯ ಸಿಕ್ಕಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಹೇಳಬೇಕಾದದ್ದು ಡಿಟಿಪಿ ಅಕ್ಕನ ವಿಷಯ.

ಅಪ್ಪನದ್ದು ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಮಂಗಳೂರಿನ ಆಸ್ಪತ್ರೆಯಿಂದ ಬಸ್ಸಿಳಿದು ಅಕ್ಕನ ಅಂಗಡಿಗೆ ಬರುವಾಗ ರಾತ್ರಿ ಒಂಬತ್ತು ದಾಟಿತ್ತು. ಬೆಳಿಗ್ಗೆ ಪ್ರೆಸ್ಸಿಗೆ ಫೈಲ್ ಕೊಡಬೇಕು. ನುಡಿ ತಂತ್ರಾಂಶದಲ್ಲಿ ಹೊಡೆದದ್ದನ್ನು ಯೂನಿಕೋಡಿಗೆ ಬದಲಾಯಿಸಿದ್ದೇ ಅರ್ಕಾವೊತ್ತು ಒಂದೂ ನೆಟ್ಟಗಿರಲಿಲ್ಲ, ‘ನಾರ್ವೆ’ ಹೋಗಿ ಏನೇನೋ ಆಗಿತ್ತು. ಬಿಟ್ಟುಬಿಡೋಣ ಅಕ್ಕಾ ಅಂದೆ. “ನೀನು ಆ ಬೆಂಚಿನಲ್ಲಿ ಮಲಗು, ಆಸ್ಪತ್ರೆಯಿಂದ ಫೋನ್ ಬಂದರೆ ನಾನು ಎಬ್ಬಿಸ್ತೇನೆ” ಅಂದು ಮೊದಲ ಪುಟದಿಂದ ಒಂದೊಂದೇ ಅಕ್ಷರ ಸರಿಮಾಡಲು ಕುಳಿತರು. ಕರೆಂಟು ಹೋಯಿತು. ಪಕ್ಕದ ಬೇಕರಿಯ ಇನ್ವರ್ಟರಿನಿಂದ ವಯರ್ ಎಳೆದರು.

ನಿದ್ದೆ ಎಲ್ಲಿ ಬರುತ್ತದೆ? ಅಕ್ಕ ಸರಿಮಾಡುತ್ತಾ ಓದುತ್ತಿದ್ದರು, ಓದುತ್ತಾ ಕೇಳುತ್ತಿದ್ದರು. ಒಡಿಶಾದ ನಿಯಮಗಿರಿ ಗುಡ್ಡದ ಪುಟ ಬಂತು. 2013ರಲ್ಲಿ 12 ಗ್ರಾಮಸಭೆಗಳೂ ಗಣಿ ಬೇಡ ಅಂದವು. ಅದಕ್ಕೂ ಎಷ್ಟೋ ಮೊದಲೇ ಲಂಡನ್ನಿನಲ್ಲಿ ಗಣಿ ಕಂಪೆನಿ ವೇದಾಂತದ ವಾರ್ಷಿಕ ಸಭೆಯ ಹೊರಗೆ ಜನ ಆ ಗುಡ್ಡದ ಆದಿವಾಸಿಗಳಾದ ಡೋಂಗ್ರಿಯಾ ಕೊಂಡರ ಪರವಾಗಿ ಬೋರ್ಡು ಹಿಡಿದು ನಿಂತಿದ್ದರು, ನಾರ್ವೆಯ ಪಿಂಚಣಿ ನಿಧಿ 2007ರಲ್ಲೇ ಆ ಕಂಪೆನಿಯ ಷೇರು ಮಾರಿತ್ತು. (ಅದೇ ನಾರ್ವೆ ತನ್ನ ಫೋಸೆನ್‌ನಲ್ಲಿ ಆದಿವಾಸಿ ಸಾಮಿ ಜನರ ಹಿಮಸಾರಂಗ ಮೇಯುವ ಜಾಗದಲ್ಲಿ ಗಾಳಿಯಂತ್ರ ನೆಟ್ಟು, 2021ರಲ್ಲಿ ತನ್ನದೇ ಸುಪ್ರೀಂ ಕೋರ್ಟಿನಿಂದ ಬೈಸಿಕೊಂಡಿತು. ಪರರ ಗುಡ್ಡ ಉಳಿಸುವುದು ಸುಲಭ ಅಲ್ವಾ?) “ಲಂಡನ್ನಿನವರಿಗೆ ಒಡಿಶಾದ ಗುಡ್ಡದ ಗೊಡವೆ ಯಾಕಂತೆ?” ಅಂತ ಅಕ್ಕ ಕೇಳಿದರು. ನನಗೆ ಸರಿಯಾಗಿ ಉತ್ತರ ಹೇಳಲಿಕ್ಕೆ ಆಗಲಿಲ್ಲ.

ಆಮೇಲೆ ಬೆರ್ತಾ ಕಾಸೆರೆಸ್ ಪುಟ. ಹೊಂಡುರಾಸಿನ ಆದಿವಾಸಿ ಲೆಂಕಾ ಜನರ ನದಿಗೆ ಅಣೆಕಟ್ಟು ಬೇಡ ಅಂತ ನಿಂತವರು. ಅವರನ್ನು 2016ರ ಮಾರ್ಚ್‌ನಲ್ಲಿ ಮನೆಗೇ ನುಗ್ಗಿ ಕೊಂದರು. ಮರುವರ್ಷ ನೆದರ್‌ಲೆಂಡ್ಸ್, ಫಿನ್‌ಲೆಂಡಿನ ಸಾಲದ ಸಂಸ್ಥೆಗಳು ಆ ಯೋಜನೆಯಿಂದ ಹೊರಬಂದವು. ಅಕ್ಕನ ಕೈ ಅಲ್ಲಿ ನಿಂತಿತು.

“ಸಣ್ಣವರಿರುವಾಗ ಗೇರು ತೋಟದ ಮೇಲೆ ಕೀಟನಾಶಕ ಬಿಡಲು ಹೆಲಿಕಾಪ್ಟರ್ ಬಂದರೆ ನಾನೂ ತಮ್ಮನೂ ಅಂಗಳಕ್ಕೆ ಓಡಿ ಕೈಬೀಸ್ತಿದ್ದೆವು” ಅಂದರು. ಅವರ ತಮ್ಮ ಈಗಿಲ್ಲ. “2011ರಲ್ಲಿ ಜಿನೀವಾದಲ್ಲಿ ಆ ಕೀಟನಾಶಕ ಎಂಡೋಸಲ್ಫಾನ್ ನಿಷೇಧದ ಪಟ್ಟಿಗೆ ಸೇರಿತಲ್ಲ, ಅಲ್ಲಿ ನಿಂತು ನಮ್ಮ ಪರವಾಗಿ ಮಾತಾಡಿದವರೆಲ್ಲ ನಮ್ಮ ಸಂಬಂಧಿಕರಾ?”

ನಾನು ಅತ್ತುಬಿಟ್ಟೆ. ಅದು ಯಾರಿಗಾಗಿ ಅಂತ ಈಗಲೂ ಹೇಳಲಾರೆ. ಅಪ್ಪನದ್ದೂ ಅದರಲ್ಲಿತ್ತು, ಎಷ್ಟು ಬರೆದರೂ ಯಾರ ಜಾಗವೂ ಉಳಿಯುವುದಿಲ್ಲ ಅನ್ನುವ ಸುಸ್ತೂ ಇತ್ತು. ಅಕ್ಕ ಸಮಾಧಾನ ಏನೂ ಹೇಳಲಿಲ್ಲ. “ಅಳುವುದಾದರೆ ಆಚೆ ಹೋಗು ಮಾರಾಯ, ಕೀಬೋರ್ಡಿಗೆ ನೀರು ಬಿದ್ದರೆ ಯಾರು ಕೊಡ್ತಾರೆ?” ಅಂದರು. ಬೆಳಗಿನ ಮೊದಲ ಬಸ್ಸಿಗೆ ಪೆನ್‌ಡ್ರೈವ್ ನನ್ನ ಕಿಸೆಯಲ್ಲಿತ್ತು. ದುಡ್ಡು ಕೊಟ್ಟರೆ ಪ್ರಿಂಟ್ ತೆಗೆದ ಕಾಗದದ್ದು ಮಾತ್ರ ತೆಗೊಂಡರು. ಅಪ್ಪ ಈಗ ಮನೆಗೆ ಬಂದಿದ್ದಾರೆ, ಪುಸ್ತಿಕೆ ಹಿಡಿದುಕೊಂಡು ಅಕ್ಷರ ಸಣ್ಣದಾಯಿತು ಅಂತ ಬೈಯುತ್ತಿದ್ದಾರೆ. ಅಕ್ಕ, ನಿಮಗೆ ಥ್ಯಾಂಕ್ಸ್ ಅಂದರೆ ಕಡಿಮೆಯಾಯಿತು. ಆದರೂ ಹೇಳುತ್ತೇನೆ.

ಇನ್ನೊಬ್ಬಳಿಗೆ ಹೇಳಲಿಕ್ಕಿದೆ. ಡೋಲು ಬಾರಿಸಲು ಬಂದ ಇಲ್ಲಿನ ಆದಿವಾಸಿ ಕೊರಗ ಸಮುದಾಯದ ಹಿರಿಯರ ಜೊತೆ ಬಂದಿದ್ದ ಹುಡುಗಿ ಕೊನೆಗೆ ಎದ್ದು, “ಹೊಂಡುರಾಸಿಗೆ ಕಾಗದ ಬರೀತೀರಿ, ಒಳ್ಳೆಯದು. ನಮ್ಮ ಕಾಲನಿಯ ಹಕ್ಕುಪತ್ರಕ್ಕೆ ಯಾರು ಬರೆಯುವುದು?” ಅಂತ ಕೇಳಿದಳು. ಇಡೀ ದಿನದಲ್ಲಿ ಅಷ್ಟು ಕೆಲಸದ ಮಾತು ಬೇರೆ ಯಾರೂ ಆಡಲಿಲ್ಲ. ಬರುವ ಭಾನುವಾರ ಕಾಲನಿಯಲ್ಲೇ ಕೂತು ಅರ್ಜಿ ಬರೆಯುವುದು ಅಂತಾಗಿದೆ. ಕಚೇರಿ ಕೇರಳದ್ದು, ಮಲಯಾಳದಲ್ಲೇ ಕೊಟ್ಟರೆ ಬೇಗ ನೋಡುತ್ತಾರೆ, ಹಾಗಾಗಿ ಮಲಯಾಳ ಚೆನ್ನಾಗಿ ಬರೆಯುವವರು ಖಂಡಿತ ಬನ್ನಿ. ಟೈಪಿಂಗ್ ಅಕ್ಕನದ್ದು, ಅವರೇ ಹೇಳಿದ್ದಾರೆ.

ಮತ್ತೆ, ಹಾಲಿನಲ್ಲಿ ಎರಡು ಕೊಡೆ ಉಳಿದಿವೆ. ಯಾರದ್ದೋ ಬಂದು ತೆಗೊಂಡು ಹೋಗಿ.