ನಕಲಾದರೂ ಉಳಿಯಬೇಕು ‘ಆ್ಯರೋ’

ಮಾನ್ಯ ಸಂಪಾದಕರೇ,

‘ಆವ್ರೊ ಆ್ಯರೋ’ ಯುದ್ಧವಿಮಾನದ ಹಾರಲಾರದ ನಕಲಿಗೆ ಯಾಕಿಷ್ಟು ಖರ್ಚು ಎಂದು ಇಲ್ಲಿ ಕೆನಡಾದಲ್ಲಿ ಕೆಲವರು ಕೇಳುತ್ತಾರೆ. ಅಸಲಿ ಇದ್ದಿದ್ದರೆ ನಾನೂ ಕೇಳುತ್ತಿದ್ದೆ.

ಆವ್ರೊ ಆ್ಯರೋ ಕೆನಡಾದವರೇ ರೂಪಿಸಿದ ಯುದ್ಧವಿಮಾನ. 1958ರ ಮಾರ್ಚ್ 25ರಂದು ಟೊರಾಂಟೊ ಪಕ್ಕದ ಮಾಲ್ಟನ್‌ನಲ್ಲಿ ಮೊದಲ ಸಲ ಹಾರಿತು. ವರ್ಷ ತುಂಬುವ ಮೊದಲೇ, 1959ರ ಫೆಬ್ರುವರಿ 20ರಂದು, ಪ್ರಧಾನಿ ಡೀಫನ್‌ಬೇಕರ್ ಸರ್ಕಾರ ಯೋಜನೆಯನ್ನೇ ರದ್ದು ಮಾಡಿತು. ಸಾವಿರಾರು ಜನ ಒಂದೇ ದಿನ ಕೆಲಸ ಕಳೆದುಕೊಂಡರು. ಜಿಮ್ ಚೇಂಬರ್ಲಿನ್‌ರಂಥ ಎಂಜಿನಿಯರ್‌ಗಳು ನಾಸಾ ಸೇರಿ ಜೆಮಿನಿ ಬಾಹ್ಯಾಕಾಶ ನೌಕೆ ರೂಪಿಸಿದರು. ನಷ್ಟ ಯಾರದ್ದು, ಹೇಳಿ?

ದುಬಾರಿಯಾಯಿತು, ಕ್ಷಿಪಣಿಗಳ ಕಾಲ ಬಂತು ಎಂಬ ಕಾರಣ ಒಪ್ಪೋಣ. ಆದರೆ ಹಾರಿದ ಐದೂ ವಿಮಾನಗಳನ್ನು ಕತ್ತರಿಸಿ ಗುಜರಿಗೆ ಹಾಕಿದ್ದು ಯಾಕೆ? ಮ್ಯೂಸಿಯಂಗೆ ಒಂದನ್ನಾದರೂ ಬಿಡಬಹುದಿತ್ತು ಅಲ್ವಾ? ಈಗ ಒಟ್ಟಾವಾದ ಮ್ಯೂಸಿಯಂನಲ್ಲಿರುವುದು ಹಾರದೇ ಉಳಿದ ಆರನೆಯ ವಿಮಾನದ ಮೂತಿ, ಜತೆಗೆ ಚೂರುಪಾರು ಭಾಗ.

ಅದಕ್ಕೇ ಸ್ವಯಂಸೇವಕರು ವರ್ಷಗಟ್ಟಲೆ ಕೂತು ಪೂರ್ಣಗಾತ್ರದ ಪ್ರತಿಕೃತಿ ಕಟ್ಟಿ, 2006ರಲ್ಲಿ ಟೊರಾಂಟೊದ ಡೌನ್ಸ್‌ವ್ಯೂನಲ್ಲಿದ್ದ ಮ್ಯೂಸಿಯಂನಲ್ಲಿ ಜನರ ಮುಂದಿಟ್ಟರು. 2011ರಲ್ಲಿ ಆ ಮ್ಯೂಸಿಯಂಗೇ ಜಾಗ ಖಾಲಿ ಮಾಡಲು ಹೇಳಿದರು. ಅಲ್ಲಿ ಐಸ್ ರಿಂಕ್ (ಮಂಜುಗಡ್ಡೆಯ ಮೇಲೆ ಆಡುವ ಅಂಗಳ) ಕಟ್ಟಬೇಕಂತೆ! ಪಾಪ, ಆ ಪ್ರತಿಕೃತಿ ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಮೂಲೆಗುಂಪಾಗಿದ್ದು, ಕೊನೆಗೆ ಎಡೆನ್‌ವೇಲ್ ಎಂಬ ಸಣ್ಣ ವಿಮಾನ ನಿಲ್ದಾಣ ಸೇರಿತು.

ಅಸಲಿಯನ್ನು ಕತ್ತರಿಸಿದ್ದು ಸರ್ಕಾರ. ನಕಲಿನ ಸೂರು, ಬಣ್ಣ, ರಿಪೇರಿಯ ಖರ್ಚನ್ನೂ ಸುಮ್ನೆ ಸ್ವಯಂಸೇವಕರ ಹೆಗಲಿಗೆ ಹಾಕದೆ ಅದೇ ಭರಿಸಲಿ.

– ಒಬ್ಬ ಓದುಗ, ಮಿಸಿಸಾಗಾ, ಕೆನಡಾ