ಒಳ್ಳೆಮೆಣಸು ಇಲ್ಲದ ಯುದ್ಧ

ಮಾರಾಯಾ,

ನೀನು ಓದುವ ಮೊದಲೇ ಬದಿಯಡ್ಕದವರೆಲ್ಲ ಇದನ್ನು ಓದಿ ನಿನಗೆ ಸುದ್ದಿ ಮುಟ್ಟಿಸಿರುತ್ತಾರೆ. ಮುಟ್ಟಿಸಲಿ.

ಮೊನ್ನೆ 'ಜರ್ನೀಸ್ ಎಂಡ್' ನೋಡಿದೆ. ಆರ್. ಸಿ. ಶೆರಿಫ್ ಬರೆದ ನಾಟಕ, 1988ರಲ್ಲಿ ಬಿಬಿಸಿಯವರು ಟಿವಿಗೆ ಮಾಡಿದ್ದು. ಶೆರಿಫ್ ಸ್ವತಃ ಸೈನ್ಯದಲ್ಲಿದ್ದು 1917ರಲ್ಲಿ ಗಾಯಗೊಂಡವರು. ಕಥೆ ಮೊದಲನೇ ಮಹಾಯುದ್ಧದ್ದು, 1918ರ ಮಾರ್ಚಿನದ್ದು. ಫ್ರಾನ್ಸಿನ ಸೇಂಟ್ ಕ್ವೆಂಟಿನ್ ಹತ್ತಿರ, ನೆಲದಡಿಯ ಒಂದು ಗುಂಡಿಯಲ್ಲಿ ನಾಲ್ಕೈದು ಇಂಗ್ಲಿಷ್ ಆಫೀಸರುಗಳು. ಜರ್ಮನ್ನರ ದೊಡ್ಡ ದಾಳಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಸುಮ್ನೆ ಕಾಯುತ್ತಾರೆ. ನಮಗೆ ಯುದ್ಧ ಅಂದರೆ ಕರ್ಣಪರ್ವ ಅಲ್ವಾ, ನಾನು ಚೆಂಡೆ ಪೆಟ್ಟು ಈಗ ಬೀಳುತ್ತದೆ, ಆಗ ಬೀಳುತ್ತದೆ ಅಂತ ಕೂತೇ ಇದ್ದೆ.

ಅದರಲ್ಲಿ ಟ್ರಾಟರ್ ಅಂತ ಒಬ್ಬ, ಸೂಪಿಗೆ ಒಳ್ಳೆಮೆಣಸು ಇಲ್ಲ ಅಂತ ರಂಪ ಮಾಡುತ್ತಾನೆ. ನಿನ್ನದೇ ನೆನಪು! ರಜೆ ಮುಗಿದಾಗೆಲ್ಲ ಟ್ರಂಕಿನಲ್ಲಿ ಒಳ್ಳೆಮೆಣಸು ತುಂಬುತ್ತೀಯಲ್ಲ, ಬಾರ್ಡರಿನಲ್ಲಿ ಅಂಗಡಿ ಇಟ್ಟಿದ್ದೀಯಾ ಅಂತ ನಾವು ತಮಾಷೆ ಮಾಡುವುದು.

ಆಮೇಲೆ ಹಗಲು ಹೊತ್ತಿನಲ್ಲೇ ಶತ್ರುವಿನ ಕಂದಕಕ್ಕೆ ನುಗ್ಗಬೇಕು ಅಂತ ಮೇಲಿಂದ ಆಜ್ಞೆ. ಹೋಗಬೇಕಾದವರು ಎಲ್ಲರೂ 'ಅಂಕಲ್' ಅನ್ನುವ ಆಸ್ಬೋರ್ನ್, ಮತ್ತೆ ಶಾಲೆ ಮುಗಿಸಿ ಬಂದ ಹುಡುಗ ರಾಲಿ. ಹೊರಡಲು ಕೆಲವೇ ನಿಮಿಷ ಇದೆ. ಆಸ್ಬೋರ್ನ್ ಉಂಗುರ ತೆಗೆದಿಟ್ಟಿದ್ದಾನೆ. ಇಬ್ಬರೂ ಮಾತಾಡುವುದು ಏನು ಗೊತ್ತಾ? ಕಾಫಿ, ಊರಿನ ಹತ್ತಿರದ ಕಾಡು. ಸ್ಟೇಜಿನಲ್ಲಾದರೆ ನಾವು ದೂರ ಕೂತಿರುತ್ತೇವೆ, ಟಿವಿಯಲ್ಲಿ ಮುಖ ಮೂಗಿನ ಮುಂದೆಯೇ. ಆಸ್ಬೋರ್ನ್ ವಾಪಸು ಬರುವುದಿಲ್ಲ.

ಅಲ್ಲಿಗೆ ಸ್ವಲ್ಪ ಹೊತ್ತು ನಿಲ್ಲಿಸಿ ಎದ್ದು ಹೋದೆ.

ಕಾಸರಗೋಡು ಸ್ಟೇಷನ್ನಿನಲ್ಲಿ ನಾವು ಮಾತಾಡುವುದೂ ಅಡಿಕೆ ರೇಟು, ಮೇಳದ ಆಟ, ನಿಮ್ಮ ಅಣ್ಣನ ನೀರಿಲ್ಲದ ಬಾವಿ. ನಿನಗೆ ಅಡಿಕೆ ಅಂದರೆ ಅಷ್ಟು ಪ್ರೀತಿ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಹೆದರಿಕೆ ಆಗುತ್ತದಾ ಅಂತ ಒಮ್ಮೆ ಕೇಳಬೇಕು ಅಂತ ಇರುತ್ತದೆ, ಆದರೆ ನೀನು ಹೌದು ಅಂದರೆ ನಾನೇನು ಹೇಳಲಿ? ರೈಲು ಒಮ್ಮೆ ಬಂದರೆ ಸಾಕು ಅನಿಸುತ್ತದೆ. ನೀನು ಹೋದ ಮೇಲೆ ಹಗುರಾಗುತ್ತದೆ ಮಾರಾಯಾ, ಮತ್ತೆ ವಿಪರೀತ ಹಸಿವು. ಹೊರಗೆ ಬಂದು ಪರೋಟ ತಿನ್ನುತ್ತೇನೆ, ಜಾಸ್ತಿಯೇ ತಿನ್ನುತ್ತೇನೆ. ನಾಟಕದಲ್ಲೂ ಆಸ್ಬೋರ್ನ್ ಸತ್ತ ರಾತ್ರಿ ಆಫೀಸರುಗಳಿಗೆ ಕೋಳಿ, ಶಾಂಪೇನ್, ನಗು. ರಾಲಿಗೆ ಅದು ಸಹಿಸಲಾಗುವುದಿಲ್ಲ. ನನಗೆ ಅರ್ಥವಾಯಿತು.

ಇಷ್ಟೆಲ್ಲ ಬರೆಯುವ ಅಂದಾಜು ಇರಲಿಲ್ಲ. ನಮ್ಮ ಮಾಷ್ಟ್ರು ಓದಿದರೆ ಒತ್ತಕ್ಷರ ತಿದ್ದಿ ವಾಪಸು ಕಳಿಸುತ್ತಾರೆ, ಅದೊಂದು ಬಾಕಿ. ಓಣಕ್ಕೆ ರಜೆ ಸಿಕ್ಕಿದರೆ ಕ್ಯಾಂಟೀನಿನ ಕೋಟಾ ಮರೆಯಬೇಡ. ಮತ್ತೆ ನೋಡು, ಆ ಕೊಡೆಯ ವಿಷಯ ಇವರ ಯಾರ ಎದುರೂ ಬಾಯಿ ಬಿಡಬೇಡ.